ಕರಿದಾರದ ಕೊಲೆ

ಪ್ರೀತಿಯ ಅವ್ವನಿಗೆ,

ಓಕ್‌ವಿಲ್‌ನಿಂದ ಸಂಗಮೇಶನ ತಪ್ಪೊಪ್ಪಿಗೆ. ದೃಷ್ಟಿಯಾಗಬಾರದೆಂದು ನನ್ನ ಎಡಗಾಲಿಗೆ ನೀನು ಕಟ್ಟಿದ್ದ ಕರಿದಾರವನ್ನು ಈ ಕೈಯಾರೆ ನೇಲ್‌ಕಟರಿನಿಂದ ಕತ್ತರಿಸಿದ್ದೇನೆ. ತಪ್ಪು ರೆಫರಿಯದು. ದಾರ ಕಟ್ಟಿಕೊಂಡು ಆಡುವಂತಿಲ್ಲವಂತೆ. ವೃತ್ತಿಪರ ಫುಟ್‌ಬಾಲ್ ಆಟಗಾರನ ಕಾಲೆಂದರೆ ಸುಮ್ಮನೆಯೇ? ಎಲ್ಲರ ಕಣ್ಣೂ ಅಲ್ಲೇ!

ಶನಿವಾರದ ಪಂದ್ಯಕ್ಕೆ ಥಾರ್ನ್‌ಕ್ಲಿಫ್ ಪಾರ್ಕಿನ ನಿನ್ನ ಬಿಲ್ಡಿಂಗಿನವರನ್ನೆಲ್ಲ ಕರೆತರಬೇಡ. "ನನ್ನ ಮಗಾ ಗೋಲ್ ಹೊಡೀತಾನ, ಬರ್ರಿ" ಎಂದು ಸಾರಲೂಬೇಡ. ಗೋಲಿಗೂ ಗೋಳಿಗೂ ಒಂದೇ ಅಕ್ಷರದ ಅಂತರ. ನೀನೊಬ್ಬಳೇ ಬಾ. ಎರಡು ರೊಟ್ಟಿ ತಾ.

ಅವ್ವಾ, ನಿಜ ಹೇಳಬೇಕೆಂದರೆ ರೆಫರಿ ಏನೂ ಹೇಳಿಲ್ಲ. ಅವನು ನೋಡುವುದು ಆಡುವವರ ಕಾಲನ್ನು. ನಾನು ಆರು ಪಂದ್ಯದಿಂದ ಆಡಲು ಕರೆಯಿಲ್ಲದೆ ಬೆಂಚಿನ ಮೇಲಿದ್ದೇನೆ, ಈ ತಿಂಗಳಿಗೆ ಕಾಂಟ್ರಾಕ್ಟು ಮುಗಿಯುತ್ತದೆ. ನಿನ್ನ ದಾರ ಎಷ್ಟು ಗಟ್ಟಿಯೆಂದರೆ, ಕೋಚ್ ಸಾಹೇಬರ ದೃಷ್ಟಿಯೂ ನನ್ನ ಮೇಲೆ ಬೀಳಲಿಲ್ಲ. ಅದಕ್ಕೇ ಕತ್ತರಿಸಿದೆ.

ನಿನ್ನ,
ಸಂಗಮೇಶ