ಬಾಯಿ ಕೂಡದ ಚೆಂಡು

ಚಿಕ್ಕಮ್ಮಾ,

ಸೂಜಿ ಹಿಡಿದ ನಿನ್ನ ಬೆರಳಿಗೆ ಮೊದಲ ನಮಸ್ಕಾರ. ಈ ಊರಲ್ಲಿ ಇನ್ನೂ ದಾರಿ ತಪ್ತೀನಿ, ಆದ್ರೆ ಲ್ಯಾಬಲ್ಲಿ ನಿನ್ನಿಂದ ಗೆದ್ದೆ.

ನಿನ್ನ ಲಿವರಲ್ಲಿ ಮನೆ ಮಾಡಿರೋ ಹೆಪಟೈಟಿಸ್ ಬಿ ವೈರಸ್ಸಿನ ಒಳಚಿಪ್ಪನ್ನ ಪರದೆ ಮೇಲೆ ನೋಡಿದೆ. ಥೇಟ್ ನೀನು ಹೊಲಿಯೋ ಫುಟ್‌ಬಾಲ್! ಪ್ರೋಟೀನುಗಳು ಜೋಡಿಜೋಡಿಯಾಗಿ ಬಂದು ತಾವೇ ಕೂಡಿಕೊಳ್ತವೆ. ಅದರೊಳಗೆ ಕೂತೇ ವೈರಸ್ಸು ತನ್ನ ನಕಲು ತೆಗೆಯೋದು.

"ಐದು ಮೂಲೆಯ ತುಂಡು ಹನ್ನೆರಡೇ ಇರಬೇಕು, ಇಲ್ಲಾಂದ್ರೆ ಬಾಯಿ ಕೂಡಲ್ಲ" ಅಂದೆ, ಎಣಿಸದೇನೇ. ಮೇಡಂ ಬೆರಗಾಗಿ "ಯಾವ ಪುಸ್ತಕದಲ್ಲಿ ಓದಿದೆ?" ಅಂದ್ರು. "ಪುಸ್ತಕ ಅಲ್ಲ ಮೇಡಂ, ನಮ್ಮ ಚಿಕ್ಕಮ್ಮ" ಅಂದೆ.

ನಿನ್ನೆ ನಾವು ತಯಾರಿಸ್ತಿರೋ ಹೊಸ ಮದ್ದು ಹಾಕಿದ ಮೇಲೆ ಚಿಪ್ಪು ಸೊಟ್ಟಗಾಗಿ ಬಾಯಿ ಬಿಟ್ಟುಕೊಂಡು ನಿಂತಿತು. ಇನ್ನು ಅದರೊಳಗೆ ನಕಲು ಎಲ್ಲಿಂದ ಬಂತು! ಇಡೀ ಲ್ಯಾಬು ಚಪ್ಪಾಳೆ ತಟ್ಟಿತು. ಅಂಥದೇ ಬಾಯಿ ಕೂಡದ ಒಂದು ಚೆಂಡು ಹೊಲಿದಿದ್ದಕ್ಕೆ ಮೇಸ್ತ್ರಿ ನಿನ್ನನ್ನ ಎಲ್ಲರೆದುರು ಬೈದಿದ್ದ, ನೆನಪಿದೆಯಾ?

ಈ ಮದ್ದು ಅಂಗಡಿಗೆ ಬರೋಕೆ ವರ್ಷಗಳೇ ಬೇಕು. ಅಲ್ಲೀವರೆಗೆ ನಿನ್ನ ಮಾತ್ರೆ ಒಂದು ದಿನಾನೂ ತಪ್ಪಿಸಬೇಡ.

ಕಾರ್ಡಲ್ಲಿ ಜಾಗ ಮುಗೀತು. ಅಂಚೆಯಣ್ಣ ಇದನ್ನ ಓದೇ ಓದ್ತಾನೆ. ಓದಲಿ ಬಿಡು, ಹಾಗೇ ಹೋಗಿ ಮೇಸ್ತ್ರಿಗೂ ಗಟ್ಟಿಯಾಗಿ ಓದಿ ಹೇಳಲಿ.

ನಿನ್ನ ದಾರದುಂಡೆ