ಮಹಾನಂದಾಳ ಫೋನು

ಏಪ್ರಿಲ್ ೨೧, ಮಂಗಳವಾರ

ನಲ್ಲಿಯಲ್ಲಿ ನೀರು ಬಂದಿದೆ, ಆದರೂ ನಿದ್ದೆ ಬರುತ್ತಿಲ್ಲ.

ಬೆಳಿಗ್ಗೆ ಬೀದಿಯವರೆಲ್ಲ ನೀರು ಕೇಳಲು ಶಾಸಕರ ಕಚೇರಿಗೆ ಹೋಗಿದ್ದೆವು. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಬಾಡಿಗೆಗಿರುವ ಮಹಾನಂದಾ ಒಬ್ಬಳೇ ಜೋರು ಮಾಡಿದಳು.

"ನಿನ್ ವೋಟು ಎಲ್ಲೈತಕ್ಕಾ?" ಎಂದ ಶಾಸಕರ ಸಹಾಯಕ.

"ವಿಜಾಪುರದ ಕಡೀಗ್ರಿ."

"ಅಂಗಾದ್ರೆ ನೀರೂ ಅಲ್ಲೇ ಕೇಳೋಗು" ಎಂದು ನಕ್ಕ.

ಅವಳು ಅಲ್ಲೇ ನಿಂತು ತನ್ನೂರಿನ ಶಾಸಕರಿಗೆ ಫೋನು ಹಚ್ಚಿದಳು. "ಸಾಹೇಬ್ರ, ವೋಟಿಗೆ ಬಸ್ ಕಳಿಸಿ ಕರಸ್ಕೋತೀರಿ. ಇಲ್ಲಿ ನೀರಿಲ್ರೀ. ಮುಂದಿನ ಸಲ ಬಸ್ ಖಾಲೀನ ಬರ್ತೈತಿ ನೋಡ್ರಿ."

ಆ ಶಾಸಕರು ಇಲ್ಲಿಯ ಶಾಸಕರಿಗೆ ಹೇಳಿದರಂತೆ. ಸಂಜೆಗೆ ನೀರು ಬಂತು.

ನನ್ನ ವೋಟು ಇಲ್ಲೇ ಇದೆ. ಪ್ರತಿ ಸಲವೂ ಹಾಕಿದ್ದೇನೆ. ಸಹಾಯಕ ನನ್ನನ್ನು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗಾದರೆ ನನ್ನ ಪ್ರತಿನಿಧಿ ಯಾರು? ಇಲ್ಲಿಯವರೋ, ನಾನೆಂದೂ ನೋಡದ ಆ ವಿಜಾಪುರದವರೋ?

ಬೀದಿದೀಪವೂ ಕೆಟ್ಟಿದೆ. ನಾಳೆ ಮಹಾನಂದಾಳಿಗೇ ಹೇಳಬೇಕೇನೋ.