ಯಜಮಾನರ ಆತ್ಮಕಥೆಯಲ್ಲಿ ನಮ್ಮವ್ವ

ಮಾರ್ಚ್ 4, ಬೆಳಗ್ಗೆ 11

ಇವತ್ತೂ ಅದೇ. ಪೈಪು ಕಾರ್ಖಾನೆಯ ಯಜಮಾನರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ನಾನು ರೆಕಾರ್ಡರ್ ಒತ್ತಿದೆ. ನಲವತ್ತು ನಿಮಿಷ ಪೈಪಿನ ಅಳತೆ. ಆಮೇಲೆ ಗೊರಕೆ. ಎಪ್ಪತ್ತು ವರ್ಷ ಬದುಕಿದ ಮನುಷ್ಯನಿಗೆ ಬಿದ್ದ ಹಲ್ಲೊಂದರ ನೆನಪೂ ಇಲ್ಲ.

ಎದ್ದ ಮೇಲೆ ಕೇಳಿದೆ. "ಸರ್, ಮುಖಪುಟಕ್ಕೆ ಜೀವನಚರಿತ್ರೆ ಅಂತ ಹಾಕೋಣವಾ? ಬರೆಯೋನು ನಾನಲ್ವಾ."

"ಜೀವನಚರಿತ್ರೆ ಅಂದ್ರೆ ಸತ್ತೋರದ್ದು ಕಣಯ್ಯಾ. ಆತ್ಮಕಥೆ ಅಂತಲೇ ಇರಲಿ."

"ಆತ್ಮಕಥೆ ಅಂದ್ರೆ ತಾವೇ ಬರೆದದ್ದು ಅಂತ ಅರ್ಥ, ಸರ್."

"ಈ ಬಂಗಲೆ ನಾನೇ ಕಟ್ಟಿಸಿದ್ದು. ಇಟ್ಟಿಗೆ ನಾನು ಹೊತ್ತೆನಾ?"

ಇಂಥವರಿಗೆ ಕೊಡಬೇಕಾದ ಉತ್ತರ ನನಗೆ ಹೊಳೆಯುವುದು ಬಸ್ ಹತ್ತಿದ ಮೇಲೆ.

ಮಾರ್ಚ್ 9

ಬಾಲ್ಯದ ಅಧ್ಯಾಯ ಖಾಲಿ. ಇವರ ತಾಯಿ ಎಂ.ಎ. ಗೌನು ತೊಟ್ಟ ಫೋಟೋ ಹಾಲಿನ ಗೋಡೆ ಮೇಲಿದೆ. ಮಗನಿಗೆ ಅವರ ಬಗ್ಗೆ ನೆನಪಿರುವುದು ಒಂದೇ ಮಾತು: "ಸ್ಟ್ರಿಕ್ಟು."

"ಕಷ್ಟ ಬೇಕು ಕಣಯ್ಯಾ. ಕಷ್ಟ ಇಲ್ದಿದ್ರೆ ಯಾರು ಓದ್ತಾರೆ? ಏನಾದ್ರೂ ತುಂಬಿಸು."

ತುಂಬಿಸಬೇಕಂತೆ. ದಿಂಬಿಗೆ ಹತ್ತಿ ತುಂಬಿಸಿದ ಹಾಗೆ.

ಮಾರ್ಚ್ 10

ತುಂಬಿಸಿದೆ. ಬೇರೇನೂ ಕೈಗೆ ಸಿಗಲಿಲ್ಲ, ನಮ್ಮವ್ವ ಸಿಕ್ಕಳು.

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಸಂಬಳದ ರಿಜಿಸ್ಟರಿಗೆ ಹೆಬ್ಬೆಟ್ಟು. ನಲವತ್ತು ದಾಟಿದ ಮೇಲೆ, ನನ್ನಿಂದ, ಒದ್ದೆ ನೆಲದ ಮೇಲೆ ಬೆರಳಾಡಿಸಿ ತನ್ನ ಹೆಸರು ಬರೆಯಲು ಕಲಿತಳು. ಒಂದು ತಿಂಗಳು ಹಿಡಿಯಿತು. ಸಂಬಳದ ದಿನ ಹೆಸರು ತನ್ನ ಚೌಕ ದಾಟಿ ಪಕ್ಕದವಳ ಚೌಕಕ್ಕೆ ನುಗ್ಗಿತು. ಗುಮಾಸ್ತ ನಕ್ಕ. "ಏನಮ್ಮಾ, ಅವಳ ಸಂಬಳಾನೂ ನಿಂಗೇ ಬೇಕಾ?" ಮುಂದಿನ ತಿಂಗಳು ಮತ್ತೆ ಹೆಬ್ಬೆಟ್ಟು. ಸಾಯುವವರೆಗೂ.

ಮಾರ್ಚ್ 12

ಓದಿ ಹೇಳಿದೆ.

"ಭಾಳ ಚೆನ್ನಾಗಿದೆ. ಆದ್ರೆ ನಮ್ಮಮ್ಮ ಸೋಲೋದು ಬೇಡ. ಸಹಿ ನೆಟ್ಟಗೆ ಬೀಳಲಿ. ಗುಮಾಸ್ತ ಎದ್ದು ನಿಲ್ಲಲಿ."

"ನಮ್ಮಮ್ಮ" ಅಂತೆ.

ಕಾಫಿ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು. "ಅತ್ತೆ ಎಂ.ಎ. ಅಲ್ವಾ?"

"ಅದು ಆಮೇಲೆ."

ಸಂಜೆ ಹೊರಡುವಾಗ ನೋಡಿದೆ. ಹಾಲಿನ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

ಜುಲೈ 21

ಪುಸ್ತಕ ಬಿಡುಗಡೆ. ಮೈಕಿನ ಮುಂದೆ ನೆಲದ ಮೇಲಿನ ಅಕ್ಷರ ನೆನೆದು ಯಜಮಾನರು ಅತ್ತರು. ನಟನೆಯಲ್ಲ... ಅದೇ ಅಸಹ್ಯ. ಸಭೆ ಮೂಗು ಒರೆಸಿಕೊಂಡಿತು. ಕೊನೆ ಸಾಲಿನಲ್ಲಿದ್ದ ನಾನು, ನನ್ನ ವಾಕ್ಯಕ್ಕೆ ಚಪ್ಪಾಳೆ ಬಿದ್ದಾಗ ಸಣ್ಣಗೆ ಉಬ್ಬಿದೆ. ನಾಯಿ ಬುದ್ಧಿ.

ಜುಲೈ 28, ಭಾನುವಾರ

ಆ ಅಧ್ಯಾಯ ಇವತ್ತಿನ ಪತ್ರಿಕೆಯಲ್ಲಿದೆ. ಏಳೂವರೆಗೆ ಅಕ್ಕನ ಫೋನು.

"ಅವ್ವ ಈ ಪೈಪಿನೋನನ್ನ ಯಾವಾಗ ಹೆತ್ತಳೋ?"

ಪತ್ರಿಕೆ ಮಡಚಿಟ್ಟೆ.

"ನಂಗೆ ತಮ್ಮ ಒಬ್ಬನೇ ಅಂದ್ಕೊಂಡಿದ್ದೆ. ಅಣ್ಣನೂ ಇದಾನೆ ನೋಡು, ಬಂಗಲೆ ಸಮೇತ."

"ಬರೀ ಕಥೆ ಅಕ್ಕಾ..."

"ಅವಳ ಹತ್ರ ಇದ್ದಿದ್ದೇ ಅದೊಂದು ಕಣೋ. ಇನ್ಮೇಲೆ ನನ್ನ ಮಗಳಿಗೆ ಹೇಳಿದ್ರೆ, ಪೇಪರಲ್ಲಿ ಓದಿದ್ದನ್ನ ನಮ್ಮಜ್ಜಿಗೆ ಅಂಟಿಸ್ತೀಯಾ ಅಂತಾಳೆ. ವಾಪಸ್ ತಗೊಂಡು ಬಾ."

ಜುಲೈ 30

ಹೋದೆ. ಮರುಮುದ್ರಣದಲ್ಲಿ ಅದನ್ನು ತೆಗೆಯೋಣ, ಅದು ನನ್ನವ್ವನ ಬದುಕು ಅಂದೆ.

ಯಜಮಾನರು ಕನ್ನಡಕ ತೆಗೆದರು. ಕಣ್ಣು ಒದ್ದೆ. "ನಿಮ್ಮ ತಾಯಿಗೂ ಹಾಗೇ ಆಗಿತ್ತಾ? ನೋಡು, ಎಲ್ಲ ತಾಯಂದಿರೂ ಒಂದೇ."

ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ಆಗಸ್ಟ್ 2

ಅಕ್ಕನಿಗೆ ಹೇಳಿದೆ. ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. "ಹಂಗಾದ್ರೆ ನೀನೇ ಕೂತು ಬರಿ. ಇದ್ದದ್ದು ಇದ್ದ ಹಾಗೆ. ನನ್ನ ಮಗಳಿಗೆ ಕಳಿಸು."

ಆಗಸ್ಟ್ 18, ಮಧ್ಯಾಹ್ನ

ಎರಡು ವಾರದಿಂದ ಒಂದೇ ಹಾಳೆ. ಗುಮಾಸ್ತನ ನಗುವಿನವರೆಗೆ ಸರಾಗವಾಗಿ ಬರುತ್ತದೆ. ಆಗ ಅಕ್ಕ ಮದುವೆಯಾಗಿ ಹೋಗಿದ್ದಳು, ಮನೆಯಲ್ಲಿದ್ದವನು ನಾನೊಬ್ಬನೇ. ಅವತ್ತು ಬಂದು ಅವ್ವ ಏನಂದಳು? ಪುಸ್ತಕದಲ್ಲಿ "ಗೆದ್ದೆ ಮಗನೇ" ಅನ್ನುತ್ತಾಳೆ. ಅದು ನಾನೇ ಕಟ್ಟಿದ್ದು, ಗೊತ್ತು. ಆದರೆ ಈಗ ಕಿವಿಯಲ್ಲಿ ಅದೇ ಕೇಳುತ್ತದೆ, ಅವಳದೇ ದನಿಯಲ್ಲಿ. ಹೀಗೇ ನಂಬಿ ಅತ್ತ ಯಜಮಾನರನ್ನು ನೋಡಿ ಅಸಹ್ಯಪಟ್ಟವನು ನಾನು. ಥೂ.

ಮತ್ತೊಮ್ಮೆ. ಬಾಗಿಲು ತಳ್ಳಿಕೊಂಡು ಬಂದಳು. ಚಪ್ಪಲಿ ಬಿಟ್ಟಳು. ಬೆರಳಿಗೆ ಶಾಯಿ ಮೆತ್ತಿತ್ತು — ಮೆತ್ತಿತ್ತಾ? ನನ್ನನ್ನು ನೋಡಿ...